ಕಚ್ಚಿ ಹಿಡಿಯುವ ಜಾಗ

ಹೊಳೆದಂಡೆಯ ಸಣ್ಣ ಮಠದಲ್ಲಿ ಇದ್ದವರು ಇಬ್ಬರೇ. ಎಲ್ಲರೂ ಅಜ್ಜಾರು ಎನ್ನುವ ಮುದಿ ಗುರು ನಿರ್ವಾಣಯ್ಯನವರು, ಶಿಷ್ಯ ಪ್ರಭುಲಿಂಗ. ಓಡಾಡಲು ಒಂದು ಹಳೆಯ ಸೈಕಲ್ಲು.

ಒಂದು ಮುಂಜಾನೆ ದೂರದ ಊರಿನಿಂದ ಆಳೊಬ್ಬ ಬಂದ. ಗುರುಗಳು ಪೂಜೆಯಲ್ಲಿದ್ದರು. ಅವನು ಶಿಷ್ಯನಿಗೇ ಸುದ್ದಿ ಹೇಳಿ ಹಿಂದಿರುಗಿದ.

"ಅಜ್ಜಾರ ಅಕ್ಕ ನೀಲವ್ವ ಸಂಜೀತನಕ ಇರೂದು ಅನುಮಾನ. ತಮ್ಮನ ಹೆಸರು ಹಿಡದು ಕರೀಲಿಕತ್ತಾರ. ಲಗೂನ ಕರಕೊಂಡು ಬಾ."

ಪ್ರಭುಲಿಂಗ ಒಳಗೆ ಹೋದ. ಪೂಜೆ ಮುಗಿಸಿ ಎದ್ದ ಗುರುಗಳ ಮುಖ ನೋಡಿದ. ಕೇಳಿದ್ದನ್ನು ಕೇಳಿದ ಹಾಗೆ ಹೇಳಲು ಬಾಯಿ ಬರಲಿಲ್ಲ.

"ಅಕ್ಕಾರಿಗೆ ಸ್ವಲ್ಪ ಜ್ವರ ಅಂತ್ರಿ. ಇವತ್ತ ಹೋಗಿ ನೋಡಿ ಬರೂಣ್ರಿ."

ಗುರುಗಳು ನಕ್ಕರು. "ಕಾವಿ ಉಟ್ಟಾಂವ ನಾನು. ಆಕಿ ಅಕ್ಕತನ ಬಿಟ್ಟಿಲ್ಲ ನೋಡು. ಹೋಗದಿದ್ದರ ಬೈತಾಳ. ನಡಿ."

ಅವರು ಹೊರಡುವಷ್ಟರಲ್ಲಿ ಪ್ರಭುಲಿಂಗ ಸೈಕಲ್ಲಿಗೆ ಎಣ್ಣೆ ಬಿಟ್ಟ. ಚೈನಿಗೆ ಬಿಟ್ಟ, ಪೆಡಲಿಗೆ ಬಿಟ್ಟ. ಹಿಂದಿನ ಗಾಲಿಯ ನಟ್ಟು ಸಡಿಲಿಸಿ, ಫ್ರೇಮಿನ ಸೀಳಿನಲ್ಲಿ ಅಚ್ಚು ಕೂರುವ ಜಾಗಕ್ಕೂ ಸುರಿದು ಮತ್ತೆ ಬಿಗಿದ. ದಾರಿಯಲ್ಲಿ ಅವರ ಕಿವಿಗೆ ಒಂದು ಕಿರ್ರೆನ್ನುವ ಸದ್ದೂ ಬೀಳಬಾರದು.

ಗುರುಗಳು ಕ್ಯಾರಿಯರಿನ ಮೇಲೆ ಕುಳಿತರು.

ಮೊದಲ ಏರಿನಲ್ಲಿ ಪ್ರಭುಲಿಂಗ ಎದ್ದು ನಿಂತು ತುಳಿದ. ಹಿಂದಿನ ಗಾಲಿ ಸರಿದು ಓರೆಯಾಯಿತು, ಫ್ರೇಮಿಗೆ ಉಜ್ಜಿ ನಿಂತಿತು.

ಇಳಿದು ಗಾಲಿಯನ್ನು ಹಿಂದಕ್ಕೆಳೆದ. ಸ್ಪ್ಯಾನರ್ ಹಾಕಿ ಬಿಗಿದ. ನಾಲ್ಕು ಮಾರು ಹೋಗುವಷ್ಟರಲ್ಲಿ ಮತ್ತೆ ಸರಿಯಿತು. ಇನ್ನೂ ಜೋರಾಗಿ ಬಿಗಿದ.

"ನಟ್ಟಿನ ಕುತ್ತಿಗಿ ಹಿಚುಕಬ್ಯಾಡೋ ತಮ್ಮಾ. ಅದೇನು ಮಾಡೇತಿ ನಿನಗ?"

ಬಿಸಿಲು ಏರುತ್ತಿತ್ತು. ಪ್ರಭುಲಿಂಗನ ಕಣ್ಣು ತುಂಬಿತ್ತು.

ಗುರುಗಳು ಕುಕ್ಕರುಗಾಲಲ್ಲಿ ಕೂತು ಅಚ್ಚಿನ ಬಳಿ ಬೆರಳಾಡಿಸಿದರು. ಬೆರಳು ಜಾರಿತು.

"ಇಲ್ಲೂ ಎಣ್ಣಿ ಹಾಕಿಯೇನೋ?"

"ನಿಮಗ ತ್ರಾಸ ಆಗಬಾರದು ಅಂತ್ರಿ."

"ತಿರುಗೂ ಜಾಗಕ್ಕ ಎಣ್ಣಿ ಬೇಕು. ಕಚ್ಚಿ ಹಿಡಿಯೂ ಜಾಗ ಒಣಗಿರಬೇಕು."

ಅವರು ನಟ್ಟು ಬಿಚ್ಚಿಸಿ, ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು ಪುಡಿ ಮಾಡಿ ಅಲ್ಲಿ ಉಜ್ಜಿದರು.

"ಅಜ್ಜಾರ, ವಿಭೂತಿ ಅದು."

"ಬೂದಿನೂ ಹೌದಲ್ಲೋ. ಜಿಡ್ಡು ಹೀರತೈತಿ."

ಶಲ್ಯದ ಸೆರಗಿನಿಂದ ಬೂದಿ, ಎಣ್ಣೆ ಎರಡನ್ನೂ ಒರೆಸಿದರು. ನಟ್ಟು, ವಾಷರ್, ಸೀಳು ಎಲ್ಲ ಒಣಗಿದವು. ಗಾಲಿಯನ್ನು ನೇರ ಹಿಡಿದು, ಸ್ಪ್ಯಾನರನ್ನು ಶಿಷ್ಯನ ಕೈಗೆ ಕೊಟ್ಟರು.

"ಒಂದೇ ಕಡೆ ಪೂರಾ ಬಿಗೀಬ್ಯಾಡ. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ."

ಏರು ಮುಗಿಯಿತು. ಗಾಲಿ ಮತ್ತೆ ಸರಿಯಲಿಲ್ಲ.

ಮೇಲೆ ಒಂದು ಬೇವಿನ ಮರವಿತ್ತು. ಗುರುಗಳು ಶಿಷ್ಯನ ಬೆನ್ನು ತಟ್ಟಿದರು.

"ನಿಲ್ಲಿಸು. ಭಾಳ ದಣದೀ. ಇಲ್ಲೇ ಬುತ್ತಿ ಉಂಡು, ಬಿಸಿಲು ಇಳಿದ ಮ್ಯಾಲೆ ಹೋಗೂಣು. ಜ್ವರ ತಾನ, ಎಲ್ಲಿ ಓಡಿ ಹೋಗತೈತಿ?"

ಅವರು ಇಳಿದು ನೆರಳಿನ ಕಡೆ ನಡೆದರು. ಪ್ರಭುಲಿಂಗ ಹ್ಯಾಂಡಲ್ ಹಿಡಿದು ರಸ್ತೆಯಲ್ಲೇ ನಿಂತಿದ್ದ.

"ಅಜ್ಜಾರ, ಜ್ವರ ಅಲ್ರಿ."

ಗುರುಗಳು ನಿಂತರು.

"ಸಂಜೀತನಕ ಇರೂದು ಅನುಮಾನ ಅಂತ ಸುದ್ದಿ ತಂದಾಂವ ಅಂದಾನ್ರಿ. ನಿಮಗ ನೋವಾಗಬಾರದು ಅಂತ ನಾ ಸುಳ್ಳು ಹೇಳಿದೆ."

ಬೇವಿನ ಎಲೆ ಅಲುಗಾಡುವುದು ಕೇಳಿಸುತ್ತಿತ್ತು.

"ನನ್ನ ಕರದಾಳೇನು?"

"ಹೂಂ ರಿ. ಚನ್ಯಾ, ಚನ್ಯಾ ಅಂತ ಕರೀಲಿಕತ್ತಾರಂತ."

ಮಠಕ್ಕೆ ಬಂದ ಮೇಲೆ ಆ ಹೆಸರಿನಿಂದ ಅವರನ್ನು ಯಾರೂ ಕರೆದಿರಲಿಲ್ಲ.

ಗುರುಗಳು ತಿರುಗಿ ಬಂದರು. ಕ್ಯಾರಿಯರಿನ ಮೇಲೆ ಕುಳಿತು, ಒಂದು ಕೈಯಲ್ಲಿ ಶಿಷ್ಯನ ಅಂಗಿ ಹಿಡಿದುಕೊಂಡರು.

"ಇನ್ನ ಎಲ್ಲೂ ನಿಲ್ಲಿಸಬ್ಯಾಡ. ನಾ ಅತ್ತರ ಹೊಳ್ಳಿ ನೋಡಬ್ಯಾಡ ತಮ್ಮಾ, ದಾರಿ ನೋಡು."