ಸೂಜವ್ವನ ಚಪ್ಪರ

ಬಿದಿರು ದಟ್ಟವಾಗಿ ಬೆಳೆದಿದ್ದ ಒಂದು ಕಾಡಿನಲ್ಲಿ ಸೂಜವ್ವ ಎಂಬ ಮುಳ್ಳುಹಂದಿ ತನ್ನ ಮೂರು ಮರಿಗಳೊಡನೆ ಬಿಲದಲ್ಲಿ ವಾಸವಾಗಿದ್ದಳು. ಅವಳ ಕುಲಕ್ಕೆ ಒಂದು ಕೆಟ್ಟ ಹೆಸರಿತ್ತು. ಯಾರ ಗೆಡ್ಡೆ ಕಾಣೆಯಾದರೂ, ಯಾರ ಗೆಣಸು ಕಾಣೆಯಾದರೂ, "ಮುಳ್ಳಿನವರು ಬಂದಿರಬೇಕು" ಎನ್ನುತ್ತಿದ್ದರು. ಸೂಜವ್ವನ ಅಜ್ಜ ಕದ್ದಿದ್ದು ನಿಜ. ಅಪ್ಪ ಕದ್ದಿದ್ದೂ ನಿಜ. ಸೂಜವ್ವ ಮಾತ್ರ ಒಂದು ಬೇರನ್ನೂ ಕದ್ದವಳಲ್ಲ. ಆದರೂ ಅವಳ ಮರಿಗಳು ಆಡಲು ಹೋದರೆ ಮೊಲದ ಮರಿಗಳು "ಕಳ್ಳರು ಬಂದರು, ಬಾಗಿಲು ಹಾಕಿ!" ಎಂದು ಕೂಗುತ್ತಿದ್ದವು.

ಒಂದು ದಿನ ಸೂಜವ್ವ ಬೆನ್ನಿನ ಮುಳ್ಳುಗಳನ್ನು ಒಪ್ಪವಾಗಿ ಮಡಿಸಿಕೊಂಡು ಕಾಡಿನ ಹಿರಿಯನಾದ ಕಾಡುಕೋಣನ ಮುಂದೆ ಹೋಗಿ ನಿಂತಳು. ಅವನನ್ನು ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು.

"ದೊಡ್ಡಪ್ಪಾ, ತೊರೆಯ ದಡದಲ್ಲಿ ನನಗೆ ಅಂಗೈಯಗಲ ಜಾಗ ಕೊಡಿ. ತೋಟ ಮಾಡುತ್ತೇನೆ."

ಸುತ್ತಲಿದ್ದವರು ನಕ್ಕರು. "ಬೆಕ್ಕು ಹಾಲಿಗೆ ಕಾವಲು ಕೂರುತ್ತದಂತೆ" ಎಂದಿತು ಒಂದು ಮಂಗ.

ದೊಡ್ಡಪ್ಪ ನಗಲಿಲ್ಲ. "ಕೊಟ್ಟೆ" ಎಂದ. "ಶ್ರಾವಣ ಹುಟ್ಟುವ ದಿನ ಬರುತ್ತೇನೆ. ನೀನು ಬೆಳೆದದ್ದನ್ನು ನಿನ್ನ ಮರಿಗಳು ತಿನ್ನುವುದನ್ನು ಈ ಕಣ್ಣಿಂದ ನೋಡಬೇಕು. ಇಲ್ಲದಿದ್ದರೆ ಜಾಗ ಬಿಡಬೇಕು."

"ಬನ್ನಿ ದೊಡ್ಡಪ್ಪಾ. ಒಬ್ಬರೇ ಬರಬೇಡಿ, ನಕ್ಕವರನ್ನೆಲ್ಲ ಕರೆದುಕೊಂಡು ಬನ್ನಿ."

ಅವನು ಕೊಟ್ಟ ಜಾಗ ಎರಡು ಬಂಡೆಗಳ ನಡುವೆ ಇತ್ತು. ಅಲ್ಲಿ ಒಂದು ಗುಂಡಿಗಷ್ಟೇ ಮಣ್ಣು. ಸೂಜವ್ವ ಗುಂಡಿ ತೋಡಿದಳು. ಏನು ನೆಡುವುದು? ಅವಳ ಮನಸ್ಸೆಲ್ಲ ಹಲಸಿನ ಮೇಲಿತ್ತು. ಶ್ರಾವಣಕ್ಕೆ ಉಳಿದ ದಿನ ನೋಡಿದರೆ ಎಣಿಕೆಗೆ ಸಿಗುವಷ್ಟು. ಅವಳು ಗುಂಡಿಯ ಅಂಚಿನಲ್ಲಿ ಯೋಚಿಸುತ್ತ ನಿಂತಿದ್ದಾಗ ಬೂದಯ್ಯ ಎಂಬ ನರಿ ಆ ದಾರಿಯಲ್ಲಿ ಬಂದ.

"ಏನು ನೆಡುತ್ತೀ ಸೂಜಕ್ಕಾ?"

"ಹಲಸು ನೆಡಬೇಕು ಅಂತ ಆಸೆ."

"ಹಲಸೇ! ಅದು ಕಾಯಿ ಬಿಡುವ ಹೊತ್ತಿಗೆ ನಿನ್ನ ಮರಿಗಳಿಗೇ ಮರಿಗಳಾಗಿರುತ್ತವೆ. ದೊಡ್ಡಪ್ಪ ಬಂದಾಗ ಏನು ತೋರಿಸುತ್ತೀ, ಎರಡು ಎಲೆಯೇ?"

"ಮರ ನಿಂತರೆ ನಿಂತಿತು, ಬೂದಣ್ಣಾ. ಸೂಜವ್ವನ ಹಲಸು ಅಂತ ನಾಲ್ಕು ತಲೆಮಾರು ಹೇಳುತ್ತದೆ. ಬಳ್ಳಿಗೆ ಯಾರು ಹೆಸರಿಡುತ್ತಾರೆ? ಮಳೆಗೆ ಹಬ್ಬುತ್ತದೆ, ಬಿಸಿಲಿಗೆ ಒಣಗುತ್ತದೆ. ತನ್ನ ಕಾಲ ಮೇಲೆ ತಾನು ನಿಲ್ಲಲಾರದ್ದು."

"ಹೆಸರನ್ನು ಬೇಯಿಸಿ ಮರಿಗಳಿಗೆ ಇಕ್ಕುತ್ತೀಯಾ?" ಎಂದ ಬೂದಯ್ಯ. "ನನ್ನ ಮಾತು ಕೇಳು. ಮುಳ್ಳುಸೌತೆ ಹಾಕು. ಐವತ್ತು ದಿನಕ್ಕೆ ಕಾಯಿ. ಮುಳ್ಳಿನವರಿಗೆ ಮುಳ್ಳುಸೌತೆ, ಹೇಳಿ ಮಾಡಿಸಿದ ಜೋಡಿ! ನೆಲದ ಮೇಲೆ ಬಿಟ್ಟರೆ ಮಳೆಗೆ ಕೊಳೆಯುತ್ತದೆ, ಚಪ್ಪರ ಹಾಕು. ತೀರಾ ಎತ್ತರ ಬೇಡ. ಇಗೋ, ನನ್ನ ಮೂಗಿನೆತ್ತರ ಸಾಕು."

ಚಪ್ಪರದ ಅಳತೆಯಲ್ಲಿ ನರಿಯ ಮೂಗು ಯಾಕೆ ಬಂತು ಎಂದು ಸೂಜವ್ವ ಕೇಳಬೇಕಿತ್ತು. ಕೇಳಲಿಲ್ಲ. ಉಳಿದ ಮಾತೆಲ್ಲ ಸರಿಯಾಗಿಯೇ ಇತ್ತು. ಮರ ಕಾಯಬಲ್ಲದು, ಶ್ರಾವಣ ಕಾಯುವುದಿಲ್ಲ. ಅವಳು ಹಲಸಿನ ಆಸೆಯನ್ನು ನುಂಗಿಕೊಂಡು ಸೌತೆ ಬೀಜ ಊರಿದಳು.

ಮಳೆ ಹಿಡಿಯಿತು. ಬೀಜ ಮೊಳೆಯಿತು. ಸೂಜವ್ವ ಬಿದಿರನ್ನು ಹಲ್ಲಿನಿಂದ ಕಡಿದು ತಂದಳು. ಮರಿಗಳು ನಾರು ಎಳೆದು ತಂದವು. ನಾಲ್ಕು ಗೂಟ, ಮೇಲೆ ಅಡ್ಡಗಳು, ಚಪ್ಪರ ಎದ್ದಿತು. ಬಳ್ಳಿ ಎಳೆಯೊಂದನ್ನು ಚಾಚಿ, ಗಾಳಿಯಲ್ಲಿ ತಡಕಾಡಿ, ಬಿದಿರನ್ನು ಮುಟ್ಟಿ ಸುರುಳಿ ಸುತ್ತಿಕೊಂಡಿತು. ಮಾರನೆಯ ದಿನ ಬಿಡಿಸಲು ನೋಡಿದರೆ ಬಿಡಲೊಲ್ಲದು. ಸೂಜವ್ವನಿಗೆ ಒಳಗೊಳಗೇ ಹೆಮ್ಮೆಯಾಯಿತು. 'ನಿಲ್ಲಲಾರದ್ದು ಅಂದುಕೊಂಡಿದ್ದೆ. ಹಿಡಿದದ್ದನ್ನು ಬಿಡದ ಜಾತಿ ಇದು, ನನ್ನ ಹಾಗೆ' ಎಂದುಕೊಂಡಳು. ದಿನವೂ ಸ್ನಾನ ಮಾಡಿಸಿದ ಮಗುವನ್ನು ನೋಡುವಂತೆ ಬಳ್ಳಿಯನ್ನು ಸುತ್ತು ಬಂದು ನೋಡುತ್ತಿದ್ದಳು. ನಡೆಯುವಾಗ ಅವಳ ಮುಳ್ಳುಗಳು ಬಳೆಗಳಂತೆ ಝಣಝಣ ಎನ್ನುತ್ತಿದ್ದವು.

ಆಷಾಢದ ನಡುವೆ ಮೊದಲ ಕಾಯಿಗಳು ಬಲಿತವು. ಅದೇ ದಿನ ಬೂದಯ್ಯ ಬಾಲ ತಿದ್ದಿಕೊಂಡು ಬಂದು ಚಪ್ಪರದ ಕೆಳಗೆ ಕುಳಿತ.

"ಏನು ಬೂದಣ್ಣಾ, ಈ ಕಡೆ?"

"ಊಟಕ್ಕೆ."

"ಯಾರು ಕರೆದರು?"

"ಚಪ್ಪರ ಎದ್ದ ಮೇಲೆ ಬಾಯಿಬಿಟ್ಟು ಕರೆಯಬೇಕೇ? ಚಪ್ಪರದಡಿಗೆ ಹಸಿದು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು. ಅದು ಈ ಕಾಡಿನ ಪದ್ಧತಿ. ನಿನಗೆ ಗೊತ್ತಿಲ್ಲವೇ? ಪಾಪ, ನಿಮ್ಮ ಕುಲಕ್ಕೆ ಕದಿಯುವುದು ಗೊತ್ತು. ಇಕ್ಕುವುದು ಎಲ್ಲಿ ಗೊತ್ತಿರಬೇಕು!"

ಆ ಮಾತು ಸೂಜವ್ವನಿಗೆ ಮುಳ್ಳಿನಂತೆ ನಾಟಿತು. ಅಂಥದೊಂದು ಪದ್ಧತಿ ಇದೆಯೆಂದು ಅವಳೂ ಅರ್ಧಂಬರ್ಧ ಕೇಳಿದ್ದಳು. ಕಾಡಿನಲ್ಲಿ ಬೇರೆ ಯಾರು ಪದ್ಧತಿ ಮುರಿದರೂ ನಾಲ್ಕು ದಿನಕ್ಕೆ ಮರೆಯುತ್ತಾರೆ. ತಾನು ಮುರಿದರೆ ಮರೆಯುವುದಿಲ್ಲ. ಅವಳು ಮುತ್ತುಗದ ಎಲೆ ಹಾಸಿ, ಕಾಯಿಗಳನ್ನು ಕೊಯ್ದು ಬಡಿಸಿದಳು.

"ಕೂರಲು ಮಣೆ ಇಲ್ಲವೇ?" ಎಂದ ಬೂದಯ್ಯ. ಮಣೆಯನ್ನೂ ಹಾಕಿದಳು.

ಮರುದಿನವೂ ಬಂದ. ಅದರ ಮರುದಿನವೂ ಬಂದ. ಬಲಿತ ಕಾಯಿಗಳೆಲ್ಲ ಅವನ ಎಲೆಗೆ ಹೋದವು. ಮರಿಗಳಿಗೆ ಉಳಿದದ್ದು ತೊಟ್ಟಿನ ಕಡೆಯ ಕಹಿ ತುಂಡುಗಳು.

"ಅವ್ವಾ, ಇದು ನಾವು ಬೆಳೆದದ್ದಲ್ಲವಾ?" ಎಂದಿತು ಕಿರಿಯ ಮರಿ.

ಸೂಜವ್ವನ ಮುಳ್ಳುಗಳು ತಾವಾಗಿ ಮೇಲೆದ್ದವು. ಒಮ್ಮೆ ಬೆನ್ನು ತಿರುಗಿಸಿದರೆ ಸಾಕಿತ್ತು, ಬೂದಯ್ಯನ ಮೂತಿ ಜರಡಿಯಾಗುತ್ತಿತ್ತು. ಆದರೆ ಉಣ್ಣಲು ಕೂತವನ ಮೇಲೆ ಮುಳ್ಳೆತ್ತಿದಳು ಎಂದು ಯಾರೂ ಆಡಿಕೊಳ್ಳಬಾರದು. ಅವಳು ಮುಳ್ಳುಗಳನ್ನು ಒಂದೊಂದಾಗಿ ಮಡಿಸಿದಳು.

ಶ್ರಾವಣಕ್ಕೆ ಮೂರು ದಿನ ಉಳಿದಿತ್ತು. ಬೂದಯ್ಯ ಎಲೆಯ ಮುಂದೆ ಕೂತು ಮುಖ ಹಿಂಡಿದ. "ಏನಿದು, ಬರೀ ನಾಲ್ಕು ಕಾಯಿ? ಮದುವೆ ಮನೆಯಲ್ಲಿ ಹೀಗೆ ಬಡಿಸುತ್ತಾರೆಯೇ?"

ಸೂಜವ್ವ ಕಿವಿ ನಿಮಿರಿಸಿದಳು. "ಇದು ಮದುವೆ ಚಪ್ಪರವೇ ಬೂದಣ್ಣಾ?"

"ಮತ್ತೆ? ಊಟ ಇಕ್ಕುವ ಪದ್ಧತಿ ಇರುವುದು ಮದುವೆ ಚಪ್ಪರಕ್ಕೇ. ಶ್ರಾವಣದ ಮೊದಲ ದಿನ ಹಬ್ಬದೂಟ ಇರಲಿ. ಇದ್ದಬದ್ದ ಕಾಯಿಯನ್ನೆಲ್ಲ ಕೂಡಿಡು."

"ಆಗಲಿ" ಎಂದಳು ಸೂಜವ್ವ. ಅವನು ಹೋದ ಮೇಲೆ ನೆಟ್ಟಗೆ ಗುಡ್ಡದಾಚೆಯ ಗವಿಗೆ ನಡೆದಳು. ಅಲ್ಲಿ ದ್ಯಾವಮ್ಮ ಎಂಬ ಕತ್ತೆಕಿರುಬ ಇದ್ದಳು. ಅವಳ ಮಗಳು ಚಾಮಿಗೆ ಮೂರು ವರ್ಷದಿಂದ ಗಂಡು ಸಿಕ್ಕಿರಲಿಲ್ಲ.

"ದ್ಯಾವಮ್ಮಾ, ಸುಳ್ಳು ಹೇಳಲಾರೆ" ಎಂದಳು ಸೂಜವ್ವ. "ಮದುವೆ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನದು ಮದುವೆ ಚಪ್ಪರ ಅಂತ ಬೂದಯ್ಯ ಹೇಳುತ್ತಾನೆ. ದಿನಾ ಬಂದು ಮಣೆಯ ಮೇಲೆ ಕೂರುತ್ತಾನೆ. ಹೆಣ್ಣು ಮಾತ್ರ ಕಾಣಲಿಲ್ಲ. ಶ್ರಾವಣ ಹುಟ್ಟಿದ ದಿನ ಬಂದು ನೀವೇ ವಿಚಾರಿಸಿ."

ಆ ದಿನ ಬಂತು. ದೊಡ್ಡಪ್ಪ ಬಂದ. ಅವನ ಹಿಂದೆ ಮಂಗಗಳು, ಮೊಲಗಳು, ನಕ್ಕವರೆಲ್ಲರೂ ಬಂದರು. ಚಪ್ಪರದಲ್ಲಿ ಬಲಿತ ಕಾಯಿ ಒಂದೂ ತೂಗುತ್ತಿರಲಿಲ್ಲ. ಕೊಯ್ದದ್ದೆಲ್ಲ ಎಲೆಯ ಮೇಲೆ ರಾಶಿಯಾಗಿತ್ತು. ಎಲೆಯ ಹಿಂದೆ, ಮಣೆಯ ಮೇಲೆ, ಬೂದಯ್ಯ ಕೂತಿದ್ದ. ಮರಿಗಳು ದೂರ ನಿಂತಿದ್ದವು.

"ಬೆಳೆದವಳು ಇವಳು, ಉಣ್ಣುವವನು ಅವನು!" ಎಂದು ಮಂಗ ಹಲ್ಲು ಕಿರಿಯಿತು.

ದೊಡ್ಡಪ್ಪ ಸೂಜವ್ವನ ಕಡೆ ನೋಡಿದ. "ನಿನ್ನ ಮರಿಗಳು ತಿನ್ನುವುದನ್ನು ನೋಡಬೇಕು ಎಂದಿದ್ದೆ."

"ಅದಕ್ಕೆ ಮೊದಲು ಒಂದು ಮಾತು ತೀರ್ಮಾನವಾಗಲಿ, ದೊಡ್ಡಪ್ಪಾ. ಇದು ಯಾವ ಚಪ್ಪರ ಅಂತ ಬೂದಣ್ಣ ನಿಮ್ಮ ಮುಂದೆ ಹೇಳಲಿ. ಬಳ್ಳಿ ಚಪ್ಪರವೋ, ಮದುವೆ ಚಪ್ಪರವೋ?"

ಬೂದಯ್ಯ ರಾಶಿಯನ್ನು ನೋಡಿ ಜೊಲ್ಲು ನುಂಗಿದ. "ಸಂಶಯವೇ ಇಲ್ಲ. ಮದುವೆ ಚಪ್ಪರ! ನನ್ನ ಬಾಲದಾಣೆ!"

"ಹಾಗಾದರೆ ಸರಿಯಾದ ಮನೆಗೇ ಬಂದೆವು" ಎಂದು ಹಿಂದಿನಿಂದ ಒಂದು ದನಿ ಕೇಳಿಸಿತು. ಬಿದಿರು ಮೆಳೆಯನ್ನು ಸೀಳಿಕೊಂಡು ದ್ಯಾವಮ್ಮ ಬಂದಳು. ಪಕ್ಕದಲ್ಲಿ ಕಾಡುಮಲ್ಲಿಗೆ ಮುಡಿದ ಚಾಮಿ. ಹಿಂದೆ ಚಾಮಿಯ ಐವರು ಅಣ್ಣಂದಿರು.

"ಮಣೆಯ ಮೇಲೆ ಕೂತವರೇ ಅಳಿಯಂದಿರೋ?" ಎಂದಳು ದ್ಯಾವಮ್ಮ. "ಸ್ವಲ್ಪ ಸಣ್ಣ. ಪರವಾಗಿಲ್ಲ."

ಬೂದಯ್ಯ ಅರ್ಧ ಎದ್ದ. "ನಾನು… ಊಟಕ್ಕೆ ಬಂದವನು, ತಾಯೀ!"

"ಹದಿನೈದು ದಿನದಿಂದ ಮಣೆ ಬಿಟ್ಟು ಎದ್ದಿಲ್ಲವಂತೆ. ಮದುವೆ ಚಪ್ಪರದಲ್ಲಿ ಮಣೆಯ ಮೇಲೆ ಕೂರುವವನು ಗಂಡಲ್ಲದೆ ಇನ್ಯಾರು?"

"ಆಷಾಢದಲ್ಲಿ ಯಾರಾದರೂ ಮದುವೆ ಮಾಡುತ್ತಾರೆಯೇ?"

"ಬೆಳಗ್ಗೆ ಶ್ರಾವಣ ಹುಟ್ಟಿತಲ್ಲಪ್ಪಾ" ಎಂದಿತು ಮಂಗ. ಅದಕ್ಕೆ ಈಗ ಎರಡು ಪಾಲು ಖುಷಿ.

"ನಮ್ಮಲ್ಲಿ ಹೆಚ್ಚಿನ ಶಾಸ್ತ್ರವಿಲ್ಲ" ಎಂದು ದ್ಯಾವಮ್ಮ ಹತ್ತಿರ ಬಂದಳು. "ಧಾರೆಗೆ ಮೊದಲು ಹೆಣ್ಣಿನ ಅಣ್ಣಂದಿರು ಅಳಿಯನ ಕಾಲನ್ನು ಒಮ್ಮೆ ಕಚ್ಚಿ ನೋಡುತ್ತಾರೆ. ಮೂಳೆ ಗಟ್ಟಿಯಿದೆಯೋ ಇಲ್ಲವೋ ತಿಳಿಯಬೇಕಲ್ಲ."

ಐವರು ಅಣ್ಣಂದಿರು ಬಾಯಿ ತೆರೆದರು.

"ಅಯ್ಯಯ್ಯೋ!" ಬೂದಯ್ಯ ಮಣೆಯಿಂದ ಹಾರಿ ಬಿದ್ದ. "ಇದು ಮದುವೆ ಚಪ್ಪರವಲ್ಲ! ಬಳ್ಳಿ ಚಪ್ಪರ! ಬರೀ ಸೌತೆ ಬಳ್ಳಿಯ ಚಪ್ಪರ! ದೊಡ್ಡಪ್ಪಾ, ನೀವೇ ಸಾಕ್ಷಿ!"

"ಕೇಳಿಸಿತಾ ದೊಡ್ಡಪ್ಪಾ?" ಎಂದಳು ಸೂಜವ್ವ.

"ಕೇಳಿಸಿತು."

"ಬಳ್ಳಿ ಚಪ್ಪರಕ್ಕೆ ಊಟ ಇಕ್ಕುವ ಪದ್ಧತಿ ಇದೆಯೇ?"

"ಇಲ್ಲ."

"ಹಾಗಾದರೆ ಹದಿನೈದು ದಿನ ನನ್ನ ಮರಿಗಳ ಬಾಯಿಂದ ಕಿತ್ತು ತಿಂದವನನ್ನು ಏನೆಂದು ಕರೆಯಬೇಕು?"

ದೊಡ್ಡಪ್ಪ ನಿಧಾನವಾಗಿ ಹೇಳಿದ: "ಕಳ್ಳ ಎಂದು."

ಅಲ್ಲಿದ್ದವರಲ್ಲಿ ಯಾರೂ ನಗಲಿಲ್ಲ. ಮೊಲಗಳು ತಲೆ ತಗ್ಗಿಸಿದವು. ಸೂಜವ್ವ ಬೆನ್ನು ತಿರುಗಿಸಿ ಮುಳ್ಳುಗಳನ್ನೆಲ್ಲ ಒಮ್ಮೆಗೇ ಎತ್ತಿದಳು. ಬೂದಯ್ಯ ಓಡಿದ. ಅಣ್ಣಂದಿರು ತೊರೆಯವರೆಗೂ ಅವನನ್ನು ಅಟ್ಟಿಸಿಕೊಂಡು ಹೋದರು. ಆ ಕಾಡಿನಲ್ಲಿ ಅವನನ್ನು ಮತ್ತೆ ಯಾರೂ ನೋಡಲಿಲ್ಲ.

ಮರಿಗಳು ಎಲೆಯ ಮುಂದೆ ಕೂತು ತಿಂದವು. ದೊಡ್ಡಪ್ಪ ಕೊನೆಯವರೆಗೂ ನಿಂತು ನೋಡಿದ.

ದ್ಯಾವಮ್ಮ ಮಗಳ ತಲೆ ಸವರಿದಳು. "ಮದುವೆಯೂ ಇಲ್ಲ, ಊಟವೂ ಇಲ್ಲ. ನಡಿಯೇ ಚಾಮೀ."

"ಕೂತುಕೊಳ್ಳಿ" ಎಂದಳು ಸೂಜವ್ವ.

"ನೀನು ಇಕ್ಕಬೇಕಾಗಿಲ್ಲ" ಎಂದು ದೊಡ್ಡಪ್ಪ ನೆನಪಿಸಿದ. "ಈಗಷ್ಟೇ ತೀರ್ಮಾನವಾಯಿತಲ್ಲ."

"ಪದ್ಧತಿಗೆ ಹೆದರಿ ಇಕ್ಕಿದ್ದು ಸಾಕು, ದೊಡ್ಡಪ್ಪಾ. ಇದು ನಾನು ಬೆಳೆದದ್ದು. ನಾನಾಗಿ ಇಕ್ಕುತ್ತೇನೆ." ಅವಳು ರಾಶಿಯಲ್ಲಿ ಉಳಿದ ಕಾಯಿಗಳನ್ನು ಸೀಳಿ ಎಲ್ಲರಿಗೂ ಹಂಚಿದಳು. ಮೊಲಗಳಿಗೂ ಕೊಟ್ಟಳು. ಮಂಗಕ್ಕೂ ಕೊಟ್ಟಳು. ಹುಟ್ಟಿದಾಗಿನಿಂದ ಸೌತೆಕಾಯಿ ಮೂಸದ ದ್ಯಾವಮ್ಮ ಒಂದು ತುಂಡು ಕಡಿದು ಕಣ್ಣರಳಿಸಿದಳು. "ಪರವಾಗಿಲ್ಲವೇ! ಮೂಳೆಯ ಹಾಗೇ ಕರುಂ ಎನ್ನುತ್ತದೆ."

ದೊಡ್ಡಪ್ಪ ಹೊರಡುವಾಗ ಬಂಡೆಯ ಆಚೆಗಿನ ಜಾಗವನ್ನೂ ಸೂಜವ್ವನಿಗೆ ಬಿಟ್ಟುಕೊಟ್ಟ. ಮಾರನೆಯ ದಿನ ಅವಳು ಅಲ್ಲೊಂದು ಗುಂಡಿ ತೋಡಿದಳು. ಏನು ನೆಡಬೇಕೆಂದು ಈ ಸಲ ಯಾರನ್ನೂ ಕೇಳಲಿಲ್ಲ. ಹಲಸಿನ ಬೀಜ ಊರಿ, ಮಣ್ಣು ಮುಚ್ಚಿ, ಮರಿಗಳನ್ನು ಕರೆದು ಅದಕ್ಕೆ ನೀರು ಹಾಕಿಸಿದಳು.

ನೀತಿ: ಪದ್ಧತಿಯಲ್ಲಿ ತನಗೆ ಬೇಕಾದ ಅರ್ಧವನ್ನಷ್ಟೇ ಹೇಳಿ ಉಣ್ಣುವವನು, ಉಳಿದ ಅರ್ಧಕ್ಕೂ ಒಂದು ದಿನ ಕಾಲು ಕೊಡಬೇಕಾಗುತ್ತದೆ.