ಗುಂಡುಸೂಜಿಯ ಸಿಟ್ಟು

ಕಾಲು ಚಾಚಿ ಕೂತು ಕೇಳ್ರವ್ವಾ. ಗರ್ಭಕೊರಳಿನ ಕ್ಯಾನ್ಸರಿಗೆ ಮದ್ದು ಮುಗಿಸಿದ್ದ ಬಾಳವ್ವನ ಫೈಲಿನಲ್ಲಿ ಸ್ಕ್ಯಾನಿನ ಫಿಲ್ಮು ಎಲ್ಲರಿಗಿಂತ ಮುಂದೆ ಕೂತಿತ್ತು. ರಕ್ತದ ಮೂರು ಚೀಟಿಗಳು ಅದರ ಬೆನ್ನ ಹಿಂದೆ ಒಂದೇ ಗುಂಡುಸೂಜಿಗೆ ಸಿಕ್ಕಿಕೊಂಡಿದ್ದವು.

"ಅಣ್ಣಾ, ಸ್ವಲ್ಪ ಪಕ್ಕಕ್ಕೆ ಸರಿ," ಅಂದಿತು ಕಡೆಯ ಚೀಟಿ. "ಇವಳ ಉರಿಯೂತದ ಅಂಕಿ ಮೂರು ಸಲವೂ ಏರಿದೆ. ಡಾಕ್ಟರಮ್ಮ ನೋಡಬೇಕು."

ಫಿಲ್ಮು ನಕ್ಕಿತು. "ನನ್ನಲ್ಲಿ ರೋಗದ ಗುರುತೇ ಇಲ್ಲ. ನೆಗಡಿ ಬಂದರೂ ಏರುವ ಅಂಕಿ ನಿನ್ನದು. ನಿನ್ನನ್ನು ಯಾರು ನಂಬುತ್ತಾರೆ?"

"ರೋಗ ಎಲ್ಲಿದೆ ಅಂತ ನಾನು ಹೇಳಲಾರೆ, ನಿಜ. ಬೇಗ ಇನ್ನೊಮ್ಮೆ ನೋಡಿ ಅಂತಷ್ಟೇ ಹೇಳುತ್ತೇನೆ."

ಸೂಜಿಗೆ ತಡೆಯಲಾಗಲಿಲ್ಲ. "ಏನಯ್ಯಾ ಫಿಲ್ಮಪ್ಪ, ನಿನ್ನನ್ನು ತೆಗೆದು ಆರು ತಿಂಗಳಾಯಿತು. ಈ ಚೀಟಿ ನಿನ್ನೆಯದು. ಹಳೇ ಸುದ್ದಿ ಹೊತ್ತುಕೊಂಡು ಹೊಸ ಸುದ್ದಿಯ ಬಾಯಿ ಮುಚ್ಚುತ್ತೀಯಾ?"

ಅಷ್ಟರಲ್ಲಿ ಡಾಕ್ಟರಮ್ಮ 'ಮೂರು ತಿಂಗಳು ಬಿಟ್ಟು ಬಾ' ಅಂತ ಬರೆಯಲು ಫೈಲು ಎತ್ತಿಕೊಂಡರು. ಸೂಜಿ ಅವರ ಬೆರಳಿಗೆ ಚುಚ್ಚಿತು. ಹಿಂದೆ ತಿರುಗಿಸಿದರೆ ಮೂರು ಚೀಟಿ. ಒಟ್ಟಿಗೆ ಓದಿದರು, ಅದೇ ವಾರ ಹೊಸ ಸ್ಕ್ಯಾನ್ ಮಾಡಿಸಿದರು.

ಮರಳಿ ಬಂದಿದ್ದ ರೋಗ ಸಣ್ಣದಿರುವಾಗಲೇ ಸಿಕ್ಕಿತು. ಬಾಳವ್ವ ಮತ್ತೆ ಮದ್ದು ತಗೊಂಡು, ಈಗ ಕೂತು ಕೌದಿ ಹೊಲಿಯುತ್ತಾಳೆ. ಹಳೇ ಫಿಲ್ಮು ಕಪಾಟಿನ ತಳ ಸೇರಿತು. ಚೀಟಿಗಳು ಫೈಲಿನ ಮುಂದಕ್ಕೆ ಬಂದವು. ಸೂಜಿಯನ್ನು ಮಾತ್ರ, ಚುಚ್ಚಿತು ಅಂತ ಬೈದು, ಕಸದ ಬುಟ್ಟಿಗೆ ಎಸೆದರು.