ಮೊಹರು ಒತ್ತಿದ ಕರೆ

ಕೆಂಪಾಜಮ್ಮನ ಗಂಡ ಮರಿಲಿಂಗಯ್ಯ ಸತ್ತು ತಿಂಗಳಾಗಿತ್ತು. ಆದರೂ ಮನೆ ಜಾಗದ ವಿಚಾರಣೆಗೆ ಅವನೇ ಬರಬೇಕೆಂದು ತಾಲ್ಲೂಕು ಕಚೇರಿಯ ಸಾಹೇಬರು ಪಟ್ಟು ಹಿಡಿದಿದ್ದರು. ಅವಳು ಮೇಜಿನ ಮೇಲಿಟ್ಟ ಮರಣಪತ್ರವನ್ನು ಅವರು ಮುಟ್ಟಲೂ ಇಲ್ಲ.

"ನಾನು ಸಮನ್ ಮಾಡಿರೋದು ಅವನನ್ನು, ನಿನ್ನನ್ನಲ್ಲ. ಅವನು ಬರದಿದ್ದರೆ ಅರ್ಜಿ ವಜಾ. ಮನೆ ಖಾಲಿ ಮಾಡು."

"ಸಮನ್ ಅಂದ್ರೆ ಏನು ಬುದ್ಧಿ?"

ಸಾಹೇಬರು ಕುರ್ಚಿಗೆ ಒರಗಿದರು. ಇಂಗ್ಲಿಷ್ ಬಿಡಿಸಿ ಹೇಳುವುದೆಂದರೆ ಅವರಿಗೆ ಹಬ್ಬ.

"ಅದು ಮದುವೆಗೆ ಕರೆದ ಹಾಗಲ್ಲ. ಅಧಿಕಾರದ ಕರೆ. ನಾನು ಮೊಹರು ಒತ್ತಿದೆ ಅಂದರೆ ಎಲ್ಲಿದ್ದವನೂ ಎದ್ದು ಬರಲೇಬೇಕು."

"ಎಲ್ಲಿದ್ರೂನಾ?"

"ಎಲ್ಲಿದ್ದರೂ!"

ಕೆಂಪಾಜಮ್ಮ ಮೇಜಿನ ಮೇಲಿದ್ದ ಮೊಹರನ್ನೇ ನೋಡಿದಳು.

"ಹಂಗಾದ್ರೆ ಇನ್ನೊಂದು ಬರ್ಕೊಡಿ. ತಿಥಿ ದಿನ ಅವರಿಗಿಷ್ಟ ಅಂತ ಮುದ್ದೆ, ಉಪ್ಪೆಸ್ರು ಎಡೆ ಇಟ್ಟು ಹೊತ್ತಿಳಿಯೋಗಂಟ ಕೂಗಿದೆ. ಕಾಗೆಯಾಗಿ ಕೂಡ ಬರಲಿಲ್ಲ. ನನ್ನ ಕರೆಗೆ ಮೊಹರಿರಲಿಲ್ಲವಲ್ಲ. ನೀವು ಒತ್ಕೊಡಿ, ಸ್ಮಶಾನಕ್ಕೆ ನಾನೇ ಒಯ್ತೀನಿ. ಅದಕ್ಕೂ ಬರದಿದ್ರೆ, ಸಾಹೇಬರ ಕರೆಗೂ ಬರಲಿಲ್ಲ ಅಂತ ಬರ್ಕೊಳ್ಳಿ."

ಬಾಗಿಲಲ್ಲಿ ನಿಂತಿದ್ದ ಜವಾನ ಒಳಗೆ ಬಂದ. ಶಾಯಿ ಡಬ್ಬಿಯ ಮುಚ್ಚಳ ತೆಗೆದು, ಮೆಲ್ಲಗೆ ಸಾಹೇಬರ ಮುಂದೆ ಸರಿಸಿದ.

ಸಾಹೇಬರ ಕೈ ಮೊಹರಿನ ತನಕ ಹೋಗಿ ನಿಂತಿತು. ಆಮೇಲೆ ಅವರು ಮರಣಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡು ಓದಿದರು.

"ಆಯ್ತು ತಾಯಿ, ಕೂತ್ಕೋ. ಅವನ ಬದಲು ನಿನ್ನ ಹೇಳಿಕೆಯನ್ನೇ ಬರ್ಕೊಳ್ತೀನಿ."

ಕೆಂಪಾಜಮ್ಮ ಕೂರಲಿಲ್ಲ. ಅವಳ ಕಣ್ಣು ಇನ್ನೂ ಮೊಹರಿನ ಮೇಲೇ ಇತ್ತು.

"ಅದನ್ನೊಂದು ಒತ್ಕೊಡಿ ಬುದ್ಧಿ," ಅಂದಳು. "ಬಂದರೂ ಬರಬಹುದು."